ಹೊಲಿಗೆ ಬಿಚ್ಚಿದ ಮೇಲಿನ ಲೆಕ್ಕ

ಹೊಟ್ಟೆ ಕೊಯ್ದು ಮಗುವನ್ನು ತೆಗೆಯುವ ಆಪರೇಷನ್ನಿನ ವಿಷಯವಾಗಿ ನಮ್ಮ ನಾಡಿನಲ್ಲಿ ಎರಡು ಮಾತುಗಳು ಸಾಕಷ್ಟು ನಡೆದಿವೆ. ಅದು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ ಎಂಬುದು ಒಂದು. ಖಾಸಗಿ ಆಸ್ಪತ್ರೆಗಳು ಅದನ್ನು ಹಣದ ಥೈಲಿ ಮಾಡಿಕೊಂಡಿವೆ ಎಂಬುದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಮೂರನೆಯ ಮಾತೊಂದಿದೆ. ಅದನ್ನು ಆಡುವವರು ವಿರಳ. ಹೊಲಿಗೆ ಬಿಚ್ಚಿ, ತಾಯಿ ಮಗು ಮನೆಗೆ ಬಂದು, ನಾಮಕರಣದ ಊಟ ಮುಗಿಸಿ ನೆಂಟರೆಲ್ಲ ಹೊರಟುಹೋದ ಮೇಲೆ, ಮೂರು ವರ್ಷಕ್ಕೋ ಹತ್ತು ವರ್ಷಕ್ಕೋ, ಆ ಗಾಯದ ಕಲೆ ಹೆಂಗಸಿನ ಗರ್ಭಕೋಶದೊಳಗೆ ಏನು ಮಾಡುತ್ತಿದೆ ಎಂಬ ಮಾತು. ಈ ವಾರ ನಾವು ಅದನ್ನೇ ಎತ್ತಿಕೊಂಡಿದ್ದೇವೆ.

ಇದು ಹೆಂಗಸರ ಒಳಮನೆಯ ಸಂಗತಿ, ಪತ್ರಿಕೆಯಲ್ಲಿ ಬರೆಯತಕ್ಕದ್ದೇ ಎಂದು ಮುಖ ಸಿಂಡರಿಸುವ ಓದುಗರು ಕೆಲವರಿದ್ದಾರೆಂದು ಬಲ್ಲೆವು. ಅವರು ದಯಮಾಡಿ ಕೊನೆಯವರೆಗೆ ಓದಬೇಕು. ಆಮೇಲೆ ಮನೆಯ ಹೆಂಗಸರಿಗೂ ಓದಿ ಹೇಳಬೇಕು.

ನಮ್ಮ ಮನೆಯಿಂದಲೇ ಆರಂಭಿಸುತ್ತೇವೆ. ನಮ್ಮ ಅಕ್ಕನಿಗೆ ೨೦೦೯ರಲ್ಲಿ ಒಂದು, ೨೦೧೨ರಲ್ಲಿ ಒಂದು ಹೆರಿಗೆ. ಎರಡೂ ಕೊಯ್ದೇ ಆದವು. ಎರಡನೆಯದರ ಜೊತೆಯಲ್ಲೇ ಮಕ್ಕಳಾಗದ ಆಪರೇಷನ್ನನ್ನೂ ಮುಗಿಸಿದರು. ಮೂರು ವರ್ಷ ಕಳೆದ ಮೇಲೆ ತೊಂದರೆ ಶುರುವಾಯಿತು. ಮುಟ್ಟು ನಾಲ್ಕು ದಿನಕ್ಕೆ ನಿಂತಂತಾಗುವುದು. ಆಮೇಲೆ ಮತ್ತೆ ಏಳೆಂಟು ದಿನ ಕಂದು ಬಣ್ಣದ ಸ್ರಾವ, ಇಷ್ಟಿಷ್ಟೇ. ಕೆಳಹೊಟ್ಟೆಯಲ್ಲಿ ಸೆಳೆತ. ಕೇರಿಯ ಹೆಂಗಸರು ಉಷ್ಣವೆಂದರು. ಅತ್ತೆ ಮೆಂತ್ಯದ ನೀರು ಕುಡಿಸಿದರು. ಔಷಧಿ ಅಂಗಡಿಯವನು ತಿಂಗಳಿಗೊಂದು ಬಗೆಯ ಮಾತ್ರೆ ಕೊಟ್ಟ. ಹೀಗೆಯೇ ಆರು ವರ್ಷ. ಕಡೆಗೆ ೨೦೨೧ರಲ್ಲಿ ಪಟ್ಟಣದ ಒಂದು ನರ್ಸಿಂಗ್ ಹೋಮಿಗೆ ಹೋದರೆ, ಹೊಟ್ಟೆಯ ಮೇಲಿಂದ ಒಂದು ಸ್ಕ್ಯಾನ್ ಮಾಡಿ, “ಮಕ್ಕಳು ಆಗಿವೆಯಲ್ಲಮ್ಮ, ಗರ್ಭಕೋಶ ಇನ್ನು ಯಾಕೆ? ಬಿಟ್ಟರೆ ಕ್ಯಾನ್ಸರ್ ಆದೀತು, ತೆಗೆಸಿಬಿಡಿ” ಎಂದರು. ಅಕ್ಕನಿಗೆ ಆಗ ಮೂವತ್ತನಾಲ್ಕು. ಕ್ಯಾನ್ಸರ್ ಎಂಬ ಶಬ್ದ ಕಿವಿಗೆ ಬಿದ್ದ ಮೇಲೆ ಭಾವ ಇನ್ನೇನನ್ನು ಕೇಳಿಯಾರು? ಒಡವೆ ಅಡವಿಟ್ಟು ತೆಗೆಸಿದರು. ಕೊಯ್ಯುವಾಗ ಮೂತ್ರಕೋಶವು ಹಳೆಯ ಗಾಯಕ್ಕೆ ಅಂಟಿಕೊಂಡಿತ್ತಂತೆ, ಬಿಡಿಸುವಾಗ ಹರಿಯಿತು. ಅಕ್ಕ ಎರಡು ವಾರ ನಳಿಗೆ ಹಾಕಿಸಿಕೊಂಡು ಮಲಗಿದ್ದಳು.

ಇಷ್ಟರಲ್ಲಿ ಒಬ್ಬರಾದರೂ ಅವಳಿಗೆ, “ನಿನ್ನ ಹಳೆಯ ಹೆರಿಗೆಯ ಗಾಯದಿಂದಲೇ ಈ ಸ್ರಾವ ಬರುತ್ತಿರಬಹುದು” ಎಂದು ಹೇಳಲಿಲ್ಲ. ಅದನ್ನು ನಾವು ತಿಳಿದದ್ದು ಎಲ್ಲ ಮುಗಿದ ಮೇಲೆ, ಸರ್ಕಾರಿ ಆಸ್ಪತ್ರೆಯ ಒಬ್ಬ ಲೇಡಿ ಡಾಕ್ಟರಿಂದ. ಅವರು ಹೊರರೋಗಿಗಳ ಚೀಟಿಯ ಬೆನ್ನಿನ ಮೇಲೆ ಚಿತ್ರ ಬರೆದು ತೋರಿಸಿದರು. ಪಾಠ ಹೇಳಿ ಬದುಕಿದ ನಮಗೆ, ಮೂವತ್ತು ದಾಟುವವರೆಗೂ ಯಾರೂ ಹೇಳಿಕೊಡದೇ ಇದ್ದ ಪಾಠ ಅದು. ಅದನ್ನು ನಮ್ಮ ಮಾತಿನಲ್ಲಿ ಇಲ್ಲಿ ಹೇಳುತ್ತೇವೆ.

ಗರ್ಭಕೋಶವೆಂದರೆ ಕೊರಳು ಕೆಳಗಾಗಿ ಹಿಡಿದ ಸಣ್ಣ ಸೋರೆಬುರುಡೆ ಎಂದಿಟ್ಟುಕೊಳ್ಳಿ. ಈಗಿನ ಆಪರೇಷನ್ನಿನಲ್ಲಿ ಬುರುಡೆಯ ಹೊಟ್ಟೆ ಮುಗಿದು ಕೊರಳು ಶುರುವಾಗುವ ಕಡೆ ಅಡ್ಡಲಾಗಿ ಕೊಯ್ದು, ಮಗುವನ್ನು ತೆಗೆದು ಹೊಲಿಯುತ್ತಾರೆ. ಹೊಟ್ಟೆಯ ಚರ್ಮದ ಮೇಲೆ ಕಾಣುವ ಗೆರೆ ಬೇರೆ. ಇದು ಅದರ ಒಳಗಿನ, ಯಾರ ಕಣ್ಣಿಗೂ ಬೀಳದ ಗಾಯ. ಇದು ಬಹುಮಟ್ಟಿಗೆ ಕೂಡಿಕೊಳ್ಳುತ್ತದೆ. ಆದರೆ ಅನೇಕರಲ್ಲಿ ಒಳಮಗ್ಗುಲು ಪೂರಾ ಕೂಡುವುದಿಲ್ಲ. ಮಳೆಗಾಲದಲ್ಲಿ ಒಡೆದ ಗದ್ದೆಯ ಬದುವನ್ನು ಮಣ್ಣು ಹಾಕಿ ಮುಚ್ಚಿರುತ್ತೇವಷ್ಟೆ. ಹೊರಗಿನಿಂದ ಸಮ ಕಾಣುತ್ತದೆ, ಒಳಗಡೆ ಕುಸಿದು ಒಂದು ತಗ್ಗು ಉಳಿದಿರುತ್ತದೆ. ಗದ್ದೆಯ ನೀರೆಲ್ಲ ಇಳಿದ ಮೇಲೂ ಆ ತಗ್ಗಿನಲ್ಲಿ ನೀರು ನಿಂತು ನಿಧಾನವಾಗಿ ಜಿನುಗುತ್ತದೆ. ಇಲ್ಲಿಯೂ ಹಾಗೆಯೇ. ಮುಟ್ಟಿನ ರಕ್ತ ಆ ತಗ್ಗಿನಲ್ಲಿ ತಂಗಿ, ಕಂದಾಗಿ, ದಿನಗಟ್ಟಲೆ ಸೋರುತ್ತದೆ. ವೈದ್ಯರು ಇದನ್ನು ‘ನಿಶ್’ ಎನ್ನುತ್ತಾರೆ, ‘ಇಸ್ತ್ಮೋಸೀಲ್’ ಎಂದೂ ಎನ್ನುತ್ತಾರೆ. ಎರಡು ಮಿಲಿಮೀಟರಿನಷ್ಟು ಆಳವಿದ್ದರೆ ಅದನ್ನು ನಿಶ್ ಎಂದು ಎಣಿಸಬೇಕೆಂದು ಪರಿಣತರು ೨೦೧೯ರಲ್ಲಿ ಒಪ್ಪಿಕೊಂಡಿದ್ದಾರೆ.

ಇದು ಎಲ್ಲೋ ಒಬ್ಬಿಬ್ಬರಿಗೆ ಆಗುವುದೆಂದು ತಿಳಿಯಬಾರದು. ಸಿಸೇರಿಯನ್ ಆದವರನ್ನು ಯೋನಿಯ ಮೂಲಕ ಸ್ಕ್ಯಾನ್ ಮಾಡಿ ನೋಡಿದ ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ನೂರಕ್ಕೆ ೨೪ರಿಂದ ೭೦ರವರೆಗೆ ಹೆಂಗಸರಲ್ಲಿ ಈ ತಗ್ಗು ಕಂಡಿದೆ. ಕಂಡವರಿಗೆಲ್ಲ ತೊಂದರೆ ಇರುವುದಿಲ್ಲ, ಅದನ್ನೂ ಸ್ಪಷ್ಟವಾಗಿ ಹೇಳಬೇಕು. ತಗ್ಗು ಇರುವವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮುಟ್ಟಿನ ನಂತರದ ಸ್ರಾವವಿರುತ್ತದೆ. ಕೆಲವರಿಗೆ ಮುಟ್ಟಿನ ನೋವು ಹೆಚ್ಚುತ್ತದೆ, ಕೆಲವರಿಗೆ ಗಂಡನೊಡನೆ ಕೂಡುವಾಗ ನೋವು, ಕೆಲವರಿಗೆ ಮತ್ತೆ ಗರ್ಭ ನಿಲ್ಲುವುದು ಕಷ್ಟವಾಗುತ್ತದೆ. ೧೯೯೫ರಲ್ಲಿಯೇ ಮಾರಿಸ್ ಎಂಬ ವೈದ್ಯರು, ಸಿಸೇರಿಯನ್ ಆಗಿದ್ದ ಹೆಂಗಸರಿಂದ ತೆಗೆದುಹಾಕಿದ ೫೧ ಗರ್ಭಕೋಶಗಳನ್ನು ಪರೀಕ್ಷಿಸಿ, ಈ ಹಳೆಯ ಗಾಯವೇ ರೋಗಲಕ್ಷಣಗಳ ಮೂಲವಾಗಿರಬಹುದೇ ಎಂಬ ಪ್ರಶ್ನೆಯನ್ನು ಎತ್ತಿದ್ದರು. ಪ್ರಶ್ನೆಗೆ ಮೂವತ್ತು ವರ್ಷವಾಗಿದೆ. ನಮ್ಮ ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ಅದು ಇನ್ನೂ ಬಂದು ತಲುಪಿಲ್ಲ.

ಗಾಯದ ಉಪದ್ರವ ಈ ತಗ್ಗೊಂದೇ ಅಲ್ಲ. ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಳ್ಳುವುದುಂಟು; ನಮ್ಮ ಅಕ್ಕನ ಮೂತ್ರಕೋಶಕ್ಕೆ ಆದದ್ದು ಅದೇ. ಅಪರೂಪವಾಗಿ, ಹೊಟ್ಟೆಯ ಮೇಲಿನ ಗೆರೆಯ ಬಳಿ ಒಂದು ಗಂಟು ಬೆಳೆದು ಪ್ರತಿ ತಿಂಗಳೂ ಮುಟ್ಟಿನ ದಿನಗಳಲ್ಲೇ ಊದಿ ನೋಯುತ್ತದೆ. ಗರ್ಭಕೋಶದ ಒಳಪದರದ ತುಣುಕು ಕೊಯ್ಯುವಾಗ ಅಲ್ಲಿ ಸಿಕ್ಕಿ ಬೇರೂರಿರುವುದೇ ಇದಕ್ಕೆ ಕಾರಣ. ಅದನ್ನು ಹೊಲಿಗೆಯ ಕೀವೆಂದು ತಿಳಿದು ವರ್ಷಗಟ್ಟಲೆ ಮುಲಾಮು ಹಚ್ಚುವವರಿದ್ದಾರೆ. ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದಲೇ ಜೀವಮಾನದ ಸೊಂಟನೋವು ಬಂತೆಂದು ನಮ್ಮ ಕಡೆ ಹೆಂಗಸರೆಲ್ಲ ನಂಬಿದ್ದಾರೆ. ಅದಕ್ಕೆ ಆಧಾರವಿಲ್ಲವೆಂದು ವೈದ್ಯರು ಹೇಳುತ್ತಾರೆ. ಬೈಗುಳವೆಲ್ಲ ಇಂಜೆಕ್ಷನ್ನಿಗೆ ಸಿಕ್ಕಿತು, ಗಾಯವನ್ನು ಯಾರೂ ಕೇಳಲಿಲ್ಲ.

ಮತ್ತೆ ಬಸುರಿಯಾಗುವವರಿಗೆ ಬೇರೆಯೇ ಅಪಾಯವಿದೆ. ಗರ್ಭವು ಕೆಲವೊಮ್ಮೆ ಆ ಗಾಯದ ಜಾಗದಲ್ಲೇ ಕಟ್ಟಿಕೊಳ್ಳುತ್ತದೆ. ಇಲ್ಲವೇ ಮಾಸು, ನಮ್ಮ ಕಡೆ ಕಸ ಎನ್ನುತ್ತಾರಲ್ಲ ಅದು, ಕೆಳಗೆ ಬಂದು ಗಾಯದೊಳಕ್ಕೆ ಬೇರು ಬಿಟ್ಟು, ಹೆರಿಗೆಯಾದ ಮೇಲೂ ಕಳಚುವುದಿಲ್ಲ. ರಕ್ತ ಹೊಳೆಯಾಗಿ ಹರಿಯುತ್ತದೆ. ಅಮೆರಿಕದಲ್ಲಿ ಸಾವಿರಾರು ಹೆಂಗಸರ ದಾಖಲೆ ಇಟ್ಟು ೨೦೦೬ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಮಾಸು ಕೆಳಗೆ ಬಂದಿರುವ ಹೆಂಗಸಿಗೆ ಅದು ಮೊದಲನೆಯ ಸಿಸೇರಿಯನ್ ಆಗಿದ್ದರೆ ಹೀಗೆ ಬೇರು ಬಿಡುವ ಸಂಭವ ನೂರಕ್ಕೆ ೩, ಎರಡನೆಯದಾದರೆ ೧೧, ಮೂರನೆಯದಾದರೆ ೪೦, ನಾಲ್ಕನೆಯದಾದರೆ ೬೧. ಮಗ್ಗಿ ಬಲ್ಲವರು ಈ ಏರಿಕೆಯನ್ನು ಒಮ್ಮೆ ನೋಡಲಿ. ಗಂಡು ಮಗುವಾಗಲಿ ಎಂದು ಮೂರನೆಯ ಸಲಕ್ಕೆ ಸೊಸೆಯನ್ನು ಒತ್ತಾಯಿಸುವ ಅತ್ತೆಮಾವಂದಿರಿಗೆ ಈ ನಾಲ್ಕು ಅಂಕಿಗಳನ್ನು ಓದಿ ಹೇಳುವವರು ಬೇಕು.

ಇನ್ನು ನಮ್ಮ ನಾಡಿನ ಲೆಕ್ಕಕ್ಕೆ ಬರೋಣ. ೨೦೧೯-೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ನೂರು ಹೆರಿಗೆಗಳಲ್ಲಿ ೨೧.೫ ಸಿಸೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ ೧೪.೩, ಖಾಸಗಿಯಲ್ಲಿ ೪೭.೪. ಕರ್ನಾಟಕದಲ್ಲಿ ೨೦೧೫-೧೬ರಲ್ಲಿ ೨೩.೬ ಇದ್ದದ್ದು ೨೦೧೯-೨೧ರ ಹೊತ್ತಿಗೆ ೩೧.೫ಕ್ಕೆ ಏರಿತು. ನೆರೆಯ ತೆಲಂಗಾಣದಲ್ಲಿ ೬೦.೭, ದೂರದ ನಾಗಾಲ್ಯಾಂಡಿನಲ್ಲಿ ೫.೨. ಒಂದೇ ದೇಶದ ಹೆಂಗಸರ ಮೈ ರಾಜ್ಯದ ಗಡಿ ದಾಟಿದೊಡನೆ ಹನ್ನೆರಡು ಪಟ್ಟು ಬೇರೆಯಾಗುತ್ತದೆಯೇ? ಜನಸಮುದಾಯವನ್ನು ಒಟ್ಟಾಗಿ ನೋಡಿದರೆ ನೂರಕ್ಕೆ ಹತ್ತಕ್ಕಿಂತ ಮೇಲೆ ಹೋದಂತೆ ತಾಯಿ ಮಕ್ಕಳ ಸಾವೇನೂ ಇನ್ನಷ್ಟು ಇಳಿಯುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೫ರಲ್ಲಿ ಹೇಳಿತು. ಹಾಗಾದರೆ ಹತ್ತರ ಮೇಲಿನ ಗಾಯಗಳಲ್ಲಿ ಬಹುಪಾಲು ಯಾರ ಪ್ರಾಣ ಉಳಿಸಲಿಕ್ಕಾಗಿ ಆದವು?

ಹಾಗೆಂದು ಈ ಆಪರೇಷನ್ನನ್ನೇ ಶಪಿಸುವ ಮೂರ್ಖತನ ನಮಗಿಲ್ಲ. ೧೮೮೨ರಲ್ಲಿ ಜರ್ಮನಿಯ ಲೈಪ್ಸಿಗ್ಗಿನ ಮ್ಯಾಕ್ಸ್ ಸೆಂಗರ್ ಎಂಬ ವೈದ್ಯ, ಕೊಯ್ದ ಗರ್ಭಕೋಶವನ್ನು ಹೊಲಿಯಲೇಬೇಕೆಂದು ವಾದಿಸಿ ತೋರಿಸುವವರೆಗೆ, ಅದನ್ನು ಹೊಲಿಯದೆ ಬಿಡುವುದೇ ರೂಢಿಯಾಗಿತ್ತು. ಬಹುಪಾಲು ಹೆಂಗಸರು ಸಾಯುತ್ತಿದ್ದರು. ೧೮೮೮ರಲ್ಲಿ ಗ್ಲಾಸ್ಗೋ ನಗರದಲ್ಲಿ ಮರ್ಡಾಕ್ ಕ್ಯಾಮರಾನ್ ಎಂಬವರು ಹೊಸ ಕ್ರಮದಲ್ಲಿ ಈ ಆಪರೇಷನ್ ಮಾಡಿದ್ದು ರಿಕೆಟ್ಸ್ ರೋಗದಿಂದ ಮೂಳೆ ಸೊಟ್ಟಾಗಿದ್ದ ಹೆಂಗಸಿಗೆ. ಆ ನಗರದ ಕೂಲಿಗಾರರ ಮಕ್ಕಳು ಹೊಗೆ ತುಂಬಿದ ಕೇರಿಗಳಲ್ಲಿ ಬಿಸಿಲು ಕಾಣದೆ, ಹೊಟ್ಟೆಗೆ ಸರಿಯಾದದ್ದಿಲ್ಲದೆ ಬೆಳೆದು, ಹೆಣ್ಣುಮಕ್ಕಳ ಕಟಿಯ ಮೂಳೆ ಮಗು ಹಾಯದಷ್ಟು ಕಿರಿದಾಗಿರುತ್ತಿತ್ತು. ಬಡತನ ಮುಚ್ಚಿದ ದಾರಿಯನ್ನು ಚಾಕು ತೆರೆಯಿತು. ನಮ್ಮಲ್ಲಿಯೂ ಎರಡು ಮೂರು ದಿನ ನೋವು ತಿಂದು, ಮಗುವೂ ಸತ್ತು, ಉಳಿದ ಆಯುಷ್ಯವೆಲ್ಲ ಮೂತ್ರ ಸೋರುತ್ತ ಬದುಕಿದ ಹೆಂಗಸರನ್ನು ನಮ್ಮ ಅಜ್ಜಿಯರು ಕಂಡಿದ್ದಾರೆ. ಕೊಯ್ದು ಹೆತ್ತವರಲ್ಲಿ ಮುಂದೆ ಗರ್ಭಕೋಶ ಜಾರುವುದೂ ಮೂತ್ರ ಸೋರುವುದೂ ಕಡಿಮೆ ಎಂಬುದು ೨೦೧೮ರ ಒಂದು ದೊಡ್ಡ ಪರಿಶೀಲನೆಯಲ್ಲಿ ಕಂಡಿದೆ. ಅದನ್ನೂ ಲೆಕ್ಕಕ್ಕೆ ಹಿಡಿಯೋಣ. ಬೇಕಾದವಳಿಗೆ ಈ ಆಪರೇಷನ್ ಸಿಗಬೇಕು, ಬೇಗ ಸಿಗಬೇಕು.

ಬೇಗ ಎಂಬ ಮಾತಿಗೆ ಅರ್ಥವಿದೆ. ನೋವು ಬಹಳ ಮುಂದುವರಿದು ಗರ್ಭಕೋಶದ ಬಾಯಿ ಅಗಲವಾಗಿ ತೆರೆದುಕೊಂಡ ಮೇಲೆ ಕೊಯ್ದರೆ, ಚಾಕು ತೀರ ಕೆಳಗೆ, ತೆಳ್ಳಗಾದ ಭಾಗದ ಮೇಲೆ ಬಿದ್ದರೆ, ತಗ್ಗು ಉಳಿಯುವ ಸಂಭವ ಹೆಚ್ಚೆಂದು ಕಂಡುಬಂದಿದೆ. ಒಂದಕ್ಕಿಂತ ಹೆಚ್ಚು ಸಲ ಕೊಯ್ದರೂ ಹಾಗೆಯೇ. ಈಗ ನಮ್ಮ ಹಳ್ಳಿಯ ಬಸುರಿಯ ಪ್ರಯಾಣವನ್ನು ನೆನೆಯಿರಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಆಗದೆಂದು ತಾಲ್ಲೂಕಿಗೆ. ಅಲ್ಲಿ ಅರಿವಳಿಕೆ ಡಾಕ್ಟರು ರಜೆಯೆಂದು ಜಿಲ್ಲೆಗೆ. ಆಂಬುಲೆನ್ಸು ಬರುವ ತನಕ ಜಗುಲಿಯ ಮೇಲೆ. ಹಣವಿದ್ದವಳಿಗೆ ನೋವು ಬರುವ ಮೊದಲೇ ಪಂಚಾಂಗ ನೋಡಿ, ಒಳ್ಳೆಯ ನಕ್ಷತ್ರಕ್ಕೆ ಕೊಯ್ಯುತ್ತಾರೆ. ಬಡವಳಿಗೆ ನೋವೆಲ್ಲ ತಿಂದು ಮುಗಿದ ಮೇಲೆ ಕೊಯ್ಯುತ್ತಾರೆ. ಒಬ್ಬಳಿಗೆ ಬೇಡದ ಗಾಯ, ಇನ್ನೊಬ್ಬಳಿಗೆ ತಡವಾದ ಗಾಯ.

ಹೊಲಿಗೆ ಹಾಕುವವರ ಕೈ ಸರಿಯಿಲ್ಲ, ಒಂದೇ ಪದರ ಹೊಲಿಯುತ್ತಾರೆ, ಅದೇ ಕಾರಣ ಎಂದು ಹೇಳುವವರುಂಟು. ನೆದರ್ಲೆಂಡ್ಸಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರಲ್ಲಿ ಒಂದು ಪದರದ ಹೊಲಿಗೆಯನ್ನೂ ಎರಡು ಪದರದ ಹೊಲಿಗೆಯನ್ನೂ ಹೋಲಿಸಿ ನೋಡಿದರು. ಒಂಬತ್ತು ತಿಂಗಳ ಬಳಿಕ ಸ್ರಾವದ ದಿನಗಳಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು ೨೦೨೧ರಲ್ಲಿ ವರದಿಯಾಯಿತು. ಆದುದರಿಂದ ಇದನ್ನು ಯಾವನೋ ಒಬ್ಬ ಡಾಕ್ಟರನ ಕೈಗೆ ಕಟ್ಟಿ ಕೈ ತೊಳೆದುಕೊಳ್ಳುವಂತಿಲ್ಲ.

ನಮ್ಮ ತಕರಾರು ಬೇರೆ ಕಡೆಗಿದೆ. ಗಾಯ ಮಾಡಿದ ಮೇಲೆ ಅದರ ಲೆಕ್ಕ ಇಡುವವರು ಯಾರು?

ಆಶಾ ಕಾರ್ಯಕರ್ತೆ ಬಾಣಂತಿಯ ಮನೆಗೆ ಬಂದು ಹೋಗುವುದು ೪೨ನೆಯ ದಿನದವರೆಗೆ. ಅಲ್ಲಿಗೆ ಸರ್ಕಾರದ ಲೆಕ್ಕ ಮುಗಿಯಿತು. ಆಮೇಲೆ ತಾಯಿ ಕಾರ್ಡಿನಲ್ಲಿ ಬರೆಯುವುದೆಲ್ಲ ಮಗುವಿನ ಚುಚ್ಚುಮದ್ದು. ಹೆಸರು ಮಾತ್ರ ತಾಯಿಯದು. ಆಸ್ಪತ್ರೆ ಒಳರೋಗಿಯ ಕಾಗದಗಳನ್ನು ಕಾಪಾಡಬೇಕಾದ್ದು, ಭಾರತೀಯ ವೈದ್ಯಕೀಯ ಮಂಡಳಿಯ ೨೦೦೨ರ ನಡತೆಯ ನಿಯಮಗಳ ಪ್ರಕಾರ, ಚಿಕಿತ್ಸೆ ಆರಂಭವಾದ ದಿನದಿಂದ ಮೂರು ವರ್ಷ. ನಮ್ಮ ಅಕ್ಕನ ಸ್ರಾವ ಶುರುವಾದದ್ದು ಮೂರು ವರ್ಷ ಕಳೆದ ಮೇಲೆ. ಗರ್ಭಕೋಶ ತೆಗೆಯುವ ಮಾತು ಬಂದದ್ದು ಒಂಬತ್ತನೆಯ ವರ್ಷದಲ್ಲಿ. ಸರ್ಕಾರದ ಪುಸ್ತಕ ಮುಚ್ಚಿದ ಮೇಲೆ, ಆಸ್ಪತ್ರೆಯ ಕಡತ ರದ್ದಿಗೆ ಹೋದ ಮೇಲೆ, ಗಾಯದ ಪುಸ್ತಕ ತೆರೆಯುತ್ತದೆ. ಆಗ ಅವಳ ಕೈಯಲ್ಲಿ ಇರುವುದೇನು? ಎರಡನೆಯ ಹೆರಿಗೆಯ ಬಿಡುಗಡೆ ಚೀಟಿಯನ್ನು ಅಕ್ಕ ಟ್ರಂಕಿನ ತಳದಿಂದ ತೆಗೆದು ತೋರಿಸಿದಳು. ಅದರಲ್ಲಿ ಎಲ್.ಎಸ್.ಸಿ.ಎಸ್. ಎಂಬ ನಾಲ್ಕು ಇಂಗ್ಲಿಷ್ ಅಕ್ಷರ, ಕೆಳಗೆ ಕಬ್ಬಿಣದ ಮಾತ್ರೆ, ಒಂದು ಸಹಿ. ಯಾಕೆ ಕೊಯ್ದರು, ನೋವು ಬಂದ ಮೇಲೋ ಮೊದಲೋ, ಗಾಯ ಪಕ್ಕಕ್ಕೆ ಹರಿದಿತ್ತೋ, ಮೂತ್ರಕೋಶ ಅಂಟಿತ್ತೋ, ಒಂದಕ್ಷರವಿಲ್ಲ. ಹಸು ಕೊಂಡರೆ ಇದಕ್ಕಿಂತ ಹೆಚ್ಚು ವಿವರ ಬರೆದುಕೊಡುತ್ತಾರೆ.

ಎರಡನೆಯ ಸಿಸೇರಿಯನ್ನಿನ ಜೊತೆಗೆ ಮಕ್ಕಳಾಗದ ಆಪರೇಷನ್ನೂ ಆಗಿಬಿಟ್ಟರೆ ಇನ್ನೊಂದು ಗೋಜಲು ಹುಟ್ಟುತ್ತದೆ. ನಮ್ಮ ರಾಜ್ಯದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಈ ಆಪರೇಷನ್ ಆಗಿದೆಯೆಂದು ಅದೇ ಸಮೀಕ್ಷೆ ಹೇಳುತ್ತದೆ. ಹಳ್ಳಿಯ ಮಾತಿನಲ್ಲಿ ಎರಡೂ ‘ಆಪರೇಷನ್’. “ಆಪರೇಷನ್ ಆದಂದಿನಿಂದ ಹೀಗಾಗುತ್ತಿದೆ” ಎಂದು ಆಕೆ ಹೇಳಿದರೆ, ಕೇಳಿದ ಡಾಕ್ಟರು ಅದು ನಾಳ ಕಟ್ಟಿದ್ದರ ಮೇಲಿನ ಹಳೆಯ ಮೂಢನಂಬಿಕೆಯೆಂದು ನಕ್ಕು ಕಳಿಸುತ್ತಾರೆ. ಆಕೆ ಹೇಳಿದ್ದು ಸರಿಯೇ ಇರುತ್ತದೆ, ಯಾವ ಆಪರೇಷನ್ ಎಂದು ಮಾತ್ರ ಇಬ್ಬರಿಗೂ ತಿಳಿದಿರುವುದಿಲ್ಲ. ಇನ್ನು ಮಕ್ಕಳಾಗುವುದಿಲ್ಲವಾದ್ದರಿಂದ ಆ ಗರ್ಭಕೋಶದ ಮೇಲೆ ಆಸ್ಪತ್ರೆಗೂ ಸರ್ಕಾರಕ್ಕೂ ಆಸಕ್ತಿಯಿಲ್ಲ. ಹೆರುವವರೆಗೆ ತಾಯಿ ಎಂದು ಕರೆದು ಕಾರ್ಡು ಕೊಟ್ಟವರು, ಹೆತ್ತಾದ ಮೇಲೆ ಹೆಸರು ಹಿಡಿದೂ ಕೂಗುವುದಿಲ್ಲ.

ತಿಂಗಳಿಗೆ ನಾಲ್ಕು ದಿನದ ಮುಟ್ಟು ಹನ್ನೆರಡು ದಿನವಾದರೆ ಏನಾಗುತ್ತದೆಂದು ಗಂಡಸರು ಯೋಚಿಸಿದ್ದುಂಟೇ? ಹೊರಗೆ ಕೂರಿಸುವ ಪದ್ಧತಿ ಇನ್ನೂ ಇರುವ ಮನೆಗಳಲ್ಲಿ ಅವಳು ಹನ್ನೆರಡು ದಿನ ಹೊರಗೆ. ಒಳಗೆ ಬಂದವಳಿಗೆ ಮತ್ತೆ ಕಲೆ ಕಂಡರೆ ಮತ್ತೆ ಹೊರಗೆ. ದೇವರ ಮನೆ, ಅಡುಗೆ ಮನೆ ಎರಡೂ ಮೈಲಿಗೆಯಾದವೆಂದು ಬೈಗುಳ. ಗದ್ದೆಯಲ್ಲಿ ನಾಟಿಗೆ ಬಗ್ಗಿದವಳಿಗೆ ಬಟ್ಟೆ ಬದಲಾಯಿಸಲು ಮರೆಯಿಲ್ಲ. ಒಂದು ಮಗುವಾಗಿ ಎರಡನೆಯದು ನಿಲ್ಲದವಳನ್ನು ಹರಕೆ, ತಾಯತ, ಶನಿವಾರದ ಉಪವಾಸ ಎಂದು ಊರೂರು ಸುತ್ತಿಸುತ್ತಾರೆ. ಗಾಯದ ತಗ್ಗಿನಲ್ಲಿ ನಿಂತ ನೀರು ಗರ್ಭ ಕಟ್ಟಲು ಅಡ್ಡಿಯಾಗಿರಬಹುದೆಂದು ಯಾವ ದೇವರ ಪಾತ್ರಿಯೂ ಹೇಳುವುದಿಲ್ಲ.

ಹೀಗೆ ದಣಿದು ಬೇಸತ್ತ ಹೆಂಗಸಿಗೆ ಗರ್ಭಕೋಶ ತೆಗೆಸುವುದು ಬಿಡುಗಡೆಯಂತೆ ಕಾಣುವುದರಲ್ಲಿ ಆಶ್ಚರ್ಯವೇನು? ತೆಗೆಯುವವರು ಕಾದೇ ಇರುತ್ತಾರೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಕಥೆ ೨೦೧೯ರಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಸರ್ಕಾರದ ಸಮಿತಿಯ ಸಮೀಕ್ಷೆಗೆ ಸಿಕ್ಕ ಸುಮಾರು ೮೨ ಸಾವಿರ ಹೆಂಗಸರಲ್ಲಿ ೧೩ ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ತೆಗೆದಾಗಿತ್ತು. ಅವರ ತೊಂದರೆಗೆಲ್ಲ ಸಿಸೇರಿಯನ್ ಗಾಯವೇ ಕಾರಣವೆಂದು ನಾವು ಹೇಳುತ್ತಿಲ್ಲ. ಬಡ ಹೆಂಗಸು ಕೆಳಹೊಟ್ಟೆ ನೋವೆಂದು ಬಂದರೆ ಕಾರಣ ಹುಡುಕುವುದಕ್ಕಿಂತ ಕಿತ್ತುಹಾಕುವುದೇ ಸುಲಭವೆನಿಸಿದೆ, ಇದನ್ನು ಹೇಳುತ್ತಿದ್ದೇವೆ. ರಾಜಸ್ಥಾನ, ಬಿಹಾರ, ಛತ್ತೀಸಗಡಗಳ ಇಂಥ ಪ್ರಕರಣಗಳನ್ನು ಹಿಡಿದು ಡಾಕ್ಟರ್ ನರೇಂದ್ರ ಗುಪ್ತ ಎಂಬವರು ಸುಪ್ರೀಂ ಕೋರ್ಟಿಗೆ ಹೋದರು. ಕೇಂದ್ರ ಸರ್ಕಾರ ೨೦೨೨ರಲ್ಲಿ ರೂಪಿಸಿದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಕೋರ್ಟು ೨೦೨೩ರ ಏಪ್ರಿಲಿನಲ್ಲಿ ಆಜ್ಞೆ ಮಾಡಿತು. ಆ ಮಾರ್ಗಸೂಚಿಯಲ್ಲಿ ಜಿಲ್ಲೆಗೊಂದು ಉಸ್ತುವಾರಿ ಸಮಿತಿಯ ಮಾತಿದೆ. ನಲವತ್ತರೊಳಗಿನ ಹೆಂಗಸರ ಗರ್ಭಕೋಶ ತೆಗೆದರೆ ಅದಕ್ಕೆ ಕಾರಣ ಬರೆದು ಲೆಕ್ಕ ಒಪ್ಪಿಸಬೇಕೆಂಬ ಮಾತಿದೆ. ನಮ್ಮ ಜಿಲ್ಲೆಯ ಆರೋಗ್ಯಾಧಿಕಾರಿಗಳನ್ನು ಕೇಳುತ್ತೇವೆ: ಆ ಸಮಿತಿಯಲ್ಲಿ ಯಾರಿದ್ದಾರೆ? ಎಷ್ಟು ಸಲ ಸೇರಿತು? ಬಂದ ಲೆಕ್ಕದಲ್ಲಿ ಎಷ್ಟು ಮಂದಿ ಮೊದಲೇ ಸಿಸೇರಿಯನ್ ಆಗಿದ್ದವರು?

ತೆಗೆಯುವುದೊಂದೇ ದಾರಿಯಾಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಮೊದಲು ಒಳಗಿನಿಂದ ಸ್ಕ್ಯಾನ್ ಮಾಡಿ ತಗ್ಗು ಇದೆಯೇ ನೋಡಬೇಕು. ಕ್ಯಾನ್ಸರೇ ಮುಂತಾದ ಬೇರೆ ಕಾರಣಗಳಿಲ್ಲವೆಂದು ಪರೀಕ್ಷಿಸಿ ಖಾತರಿ ಮಾಡಿಕೊಳ್ಳಬೇಕು. ತಗ್ಗಿದ್ದರೂ ತೊಂದರೆಯಿಲ್ಲದವರಿಗೆ ಏನೂ ಮಾಡಬೇಕಾಗಿಲ್ಲ. ಸ್ರಾವವಿದ್ದವರಲ್ಲಿ ಅನೇಕರಿಗೆ ಹಾರ್ಮೋನು ಮಾತ್ರೆಯೋ, ಹಾರ್ಮೋನು ತುಂಬಿದ ವಂಕಿಯೋ ಸಾಕಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಕೆಳಗಿನಿಂದ ದುರ್ಬೀನು ತೂರಿಸಿ ತಗ್ಗಿನ ಅಂಚನ್ನು ಸವರಿ, ರಕ್ತ ನಿಲ್ಲದಂತೆ ಮಾಡುವ ಕ್ರಮವಿದೆ. ಗಾಯದ ಮೇಲಿನ ಗೋಡೆ ತೀರ ತೆಳ್ಳಗಿಲ್ಲದವರಿಗೆ ಅದು ಸಲ್ಲುತ್ತದೆ. ೨೦೧೮ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಒಂದು ಪ್ರಯೋಗದಲ್ಲಿ ಹೀಗೆ ಮಾಡಿಸಿಕೊಂಡವರ ಸ್ರಾವ ಆರು ತಿಂಗಳಲ್ಲಿ ಎಂಟು ದಿನದಿಂದ ನಾಲ್ಕಕ್ಕೆ ಇಳಿಯಿತು. ಮಾಡಿಸಿಕೊಳ್ಳದವರದು ಎಂಟರಿಂದ ಏಳಕ್ಕೆ. ಪವಾಡವೇನಲ್ಲ. ಆದರೆ ತಿಂಗಳಿಗೆ ನಾಲ್ಕು ದಿನ ಹಿಂದಕ್ಕೆ ಬರುವುದು ಎಷ್ಟು ದೊಡ್ಡದೆಂದು ನಮ್ಮ ಅಕ್ಕನನ್ನು ಕೇಳಬೇಕು. ಮೂವತ್ತನಾಲ್ಕಕ್ಕೆ ಗರ್ಭಕೋಶ ಹೋದರೆ, ಅಂಡಾಶಯ ಉಳಿಸಿದ್ದರೂ ಮುಟ್ಟು ತೀರುವ ಕಾಲ ಬೇಗ ಬರುತ್ತದೆ. ಅಂಡಾಶಯವನ್ನೂ ಕಿತ್ತರೆ ಮೂಳೆ ಸವೆಯುವುದೂ ಬೇಗ. ಮೂಳೆಯ ಬಲದ ಮೇಲೆ ಕೂಲಿ ಮಾಡುವವಳಿಗೆ ಇದು ಸಣ್ಣ ಮಾತಲ್ಲ.

ಈ ಬರಹದ ಕರಡನ್ನು ನಮ್ಮ ಸ್ನೇಹಿತರಾದ ಒಬ್ಬ ವೈದ್ಯರಿಗೆ ತೋರಿಸಿದೆವು. ಅವರು ಸಜ್ಜನರು, ಬಡವರಿಂದ ಹಣ ಮುಟ್ಟದವರು. “ಇದನ್ನು ಅಚ್ಚು ಹಾಕಬೇಡಿ. ಓದಿದ ಹೆಂಗಸರು ಹೆದರಿ, ಬೇಕಾದ ಆಪರೇಷನ್ನಿಗೂ ಒಲ್ಲೆನೆಂದರೆ ಆ ಸಾವು ನಿಮ್ಮ ತಲೆಗೆ” ಎಂದರು. ಈ ಮಾತು ನಮ್ಮನ್ನು ಎರಡು ರಾತ್ರಿ ಕಾಡಿತು. ಆದರೆ ನೋಡಿ: ಆಪರೇಷನ್ನಿಗೆ ಮುಂಚೆ ಇಂಗ್ಲಿಷಿನ ಹಾಳೆಯೊಂದಕ್ಕೆ ಗಂಡನ ಸಹಿ ಹಾಕಿಸಿಕೊಳ್ಳುವಾಗ, “ಮಗುವಿನ ನೀರು ಕಡಿಮೆಯಾಗಿದೆ, ಈಗಲೇ ಹೂಂ ಎನ್ನದಿದ್ದರೆ ನಾವು ಜವಾಬ್ದಾರರಲ್ಲ” ಎಂದು ಹೆದರಿಸುವುದಕ್ಕೆ ಯಾರೂ ಅಂಜುವುದಿಲ್ಲ. ಒಪ್ಪಿಸುವುದಕ್ಕೆ ಹೆದರಿಕೆ ಬಳಸುವವರು ತಿಳಿಸುವುದಕ್ಕೆ ಮಾತ್ರ ಹೆದರಿಕೆಯ ನೆಪ ಹೇಳುತ್ತಾರೆ. ನೋವು ತಿನ್ನುತ್ತಿರುವ ಹೊತ್ತಿನಲ್ಲಿ ಇದನ್ನೆಲ್ಲ ಪಾಠ ಮಾಡಿರೆಂದು ನಾವು ಹೇಳುವುದಿಲ್ಲ. ಏಳನೆಯ ತಿಂಗಳಲ್ಲಿ ತಪಾಸಣೆಗೆ ಬಂದಾಗ ಹೇಳಲಿ. ಬಿಡುಗಡೆಯ ದಿನ ಬರೆದು ಕೊಡಲಿ. ಮುಂದೆ ಇಂಥದ್ದು ಕಂಡರೆ ಬಂದು ತೋರಿಸು ಎಂದು ಹೇಳಿಸಿಕೊಂಡವಳು ಹೆದರುವುದಿಲ್ಲ. ಏನೂ ತಿಳಿಯದವಳೇ ಕ್ಯಾನ್ಸರ್ ಎಂಬ ಒಂದು ಶಬ್ದಕ್ಕೆ ಹೆದರಿ ಒಡವೆ ಅಡವಿಡುತ್ತಾಳೆ.

ಹಳ್ಳಿಯ ಹೆಂಗಸರನ್ನು ವರ್ಷಗಟ್ಟಲೆ ಹಿಂಬಾಲಿಸಿ ವಿಚಾರಿಸುವುದು ಆಗದ ಹೋಗದ ಕೆಲಸ ಎಂಬ ಉತ್ತರವೂ ಸಿದ್ಧವಿದೆ. ಅದು ಸುಳ್ಳು. ಕೊರೋನಿಸ್ ಎಂಬ ದೊಡ್ಡ ಪ್ರಯೋಗದಲ್ಲಿ ಸಿಸೇರಿಯನ್ ಮಾಡುವ ಬಗೆಗಳನ್ನು ಹೋಲಿಸಲು ಭಾರತ, ಪಾಕಿಸ್ತಾನ, ಘಾನಾ, ಕೀನ್ಯಾ ಮೊದಲಾದ ದೇಶಗಳ ಹೆಂಗಸರನ್ನು ಸೇರಿಸಿಕೊಂಡಿದ್ದರು. ಮೂರು ವರ್ಷಕ್ಕೂ ಮೇಲ್ಪಟ್ಟು ಕಾದು, ೧೩ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ಮತ್ತೆ ಪತ್ತೆ ಮಾಡಿ ವಿಚಾರಿಸಿ, ೨೦೧೬ರಲ್ಲಿ ವರದಿ ಕೊಟ್ಟರು. ಪ್ರಬಂಧ ಬರೆಯಲು ಬೇಕಾದಾಗ ಈ ಹೆಂಗಸರ ಮನೆ ಸಿಗುತ್ತದೆ. ಆಶಾ ಕಾರ್ಯಕರ್ತೆಗಂತೂ ಪ್ರತಿ ಮನೆಯೂ ಗೊತ್ತು, ಸಿಸೇರಿಯನ್ ಆದವಳನ್ನು ವರ್ಷಕ್ಕೊಮ್ಮೆ, “ಮುಟ್ಟು ಎಷ್ಟು ದಿನ ಇರುತ್ತದೆ ತಂಗಿ?” ಎಂದು ಕೇಳಿ ಬರೆದುಕೊಳ್ಳಲು ಎಷ್ಟು ಹೊತ್ತು ಬೇಕು? ಆ ಕೇಳುವ ಕೆಲಸಕ್ಕೆ ಕೂಲಿ ಸೇರಿಸಿ ಕೊಡಬೇಕು, ಅದು ಬೇರೆ ಮಾತು; ಪುಕ್ಕಟೆ ದುಡಿಸಿಕೊಳ್ಳುವ ಪಟ್ಟಿಗೆ ಇದನ್ನೂ ಸೇರಿಸಿರೆಂದು ನಾವು ಬೇಡುತ್ತಿಲ್ಲ.

ಆದುದರಿಂದ ನಾವು ಕೇಳುವುದು ದೊಡ್ಡದೇನಲ್ಲ. ಬಿಡುಗಡೆಯ ದಿನ ಕನ್ನಡದಲ್ಲಿ, ಓದಲು ಬರುವ ಅಕ್ಷರದಲ್ಲಿ ಒಂದು ಹಾಳೆ: ಯಾಕೆ ಕೊಯ್ದೆವು, ಎಲ್ಲಿ ಕೊಯ್ದೆವು, ಹೇಗೆ ಹೊಲಿದೆವು, ಮುಂದೆ ಏನು ಕಂಡರೆ ಬರಬೇಕು. ಮೂರು ವರ್ಷದ ನಿಯಮವನ್ನು ಹೆರಿಗೆಯ ಆಪರೇಷನ್ನಿನ ಮಟ್ಟಿಗಾದರೂ ಅವಳ ಮುಟ್ಟು ತೀರುವ ವಯಸ್ಸಿನವರೆಗೆ ಹಿಗ್ಗಿಸಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ, ಬಸುರಿಯರಲ್ಲದ ಹೆಂಗಸರಿಗಾಗಿ ಒಳಗಿನ ಸ್ಕ್ಯಾನ್ ಆಗಬೇಕು. ಯಂತ್ರವಿದ್ದ ಕಡೆ ನೋಡುವ ಡಾಕ್ಟರಿಲ್ಲ ಎಂಬ ದೂರನ್ನು ನಾವು ತಿರುಗಿದ ತಾಲ್ಲೂಕುಗಳಲ್ಲೆಲ್ಲ ಕೇಳಿದ್ದೇವೆ. ಹಳೆಯ ಸಿಸೇರಿಯನ್ ಇದ್ದವಳ ಗರ್ಭಕೋಶಕ್ಕೆ, ಆ ಸ್ಕ್ಯಾನ್ ಆಗದೆ, ಸರ್ಕಾರಿಯಾಗಲಿ ಖಾಸಗಿಯಾಗಲಿ ಯಾರೂ ಕೈ ಹಾಕಕೂಡದು.

ಅಷ್ಟರಲ್ಲಿ ಓದುಗರು ಮಾಡಬಹುದಾದ ಕೆಲಸವೊಂದಿದೆ. ಅದೇ ೨೦೦೨ರ ನಿಯಮಗಳ ಪ್ರಕಾರ ರೋಗಿ ತನ್ನ ದಾಖಲೆ ಕೇಳಿದರೆ ೭೨ ಗಂಟೆಯೊಳಗೆ ಕೊಡಬೇಕು. ಮನೆಯಲ್ಲಿ ಕಳೆದ ಮೂರು ವರ್ಷದೊಳಗೆ ಸಿಸೇರಿಯನ್ ಆದವರಿದ್ದರೆ, ಈ ತಿಂಗಳಲ್ಲೇ ಹೋಗಿ ಆಪರೇಷನ್ನಿನ ವಿವರ ಬರೆದ ಹಾಳೆಯ ನಕಲು ಬೇಕೆಂದು ಅರ್ಜಿ ಕೊಡಿ, ಅರ್ಜಿಗೆ ಮೊಹರು ಹಾಕಿಸಿಕೊಳ್ಳಿ. ಅರ್ಜಿ ಬರೆಯಲು ಬಾರದವರು ಸಂತೆಯ ದಿನ ನಮ್ಮ ಕಚೇರಿಗೆ ಬಂದರೆ ಬರೆದುಕೊಡುತ್ತೇವೆ. ಮೂರು ವರ್ಷ ಕಳೆದವರು ಟ್ರಂಕು, ಪೆಟ್ಟಿಗೆ, ದೇವರ ಗೂಡು ಹುಡುಕಿ, ಹಳೆಯ ಚೀಟಿ ಎಷ್ಟು ಹರಿದಿದ್ದರೂ ಎಸೆಯದೆ ಇಡಿ. ನಾವು ಅಕ್ಕನ ೨೦೧೨ರ ಕಾಗದ ಕೇಳಲು ಹೋದಾಗ ಗುಮಾಸ್ತರು ಹಳೆಯದನ್ನೆಲ್ಲ ರದ್ದಿಗೆ ಹಾಕಿದೆವೆಂದರು. ಅವರನ್ನು ಬೈಯಲು ನಮಗೆ ಬಾಯಿರಲಿಲ್ಲ. ನಿಯಮ ಅವರ ಕಡೆಗಿತ್ತು.